ಜ್ವರ ಬಂದಾಗಲೇ ನಿಲ್ಲಿಸಿದ ಮಾತ್ರೆ

"ಜ್ವರ ಬಂತಲ್ಲ, ಅದಕ್ಕೇ ಸ್ಟೀರಾಯ್ಡ್ ನಿಲ್ಲಿಸಿದ್ವಿ." ಈ ವಾರ ತುರ್ತು ಘಟಕದಲ್ಲಿ ಆ ತಾಯಿ ಹೇಳಿದ ಮಾತು ಕಿವಿಯಿಂದ ಇಳಿಯುತ್ತಿಲ್ಲ. ನಾಲ್ಕು ವರ್ಷದ ಹುಡುಗ. ಹುಟ್ಟಿನಿಂದಲೇ ಅಡ್ರೀನಲ್ ಹೈಪರ್‌ಪ್ಲಾಸಿಯಾ, ಅಂದರೆ ಮೂತ್ರಪಿಂಡದ ಮೇಲಿರುವ ಅಡ್ರೀನಲ್ ಗ್ರಂಥಿಯ ದೋಷ, ಅದರಲ್ಲೂ ಮೈ ಉಪ್ಪು ಕಳೆದುಕೊಳ್ಳುವ ಬಗೆ. ವಾಂತಿ, ತಣ್ಣಗಾದ ಕೈಕಾಲು, ಕರೆದರೆ ಕಣ್ಣು ಬಿಡಲೂ ಆಗದ ಸುಸ್ತು. ರಕ್ತದಲ್ಲಿ ಸೋಡಿಯಂ, ಸಕ್ಕರೆ ಎರಡೂ ಇಳಿದಿದ್ದವು, ಪೊಟ್ಯಾಸಿಯಂ ಏರಿತ್ತು. ಹೈಡ್ರೋಕಾರ್ಟಿಸೋನ್ (ಅದೇ ಸ್ಟೀರಾಯ್ಡ್), ಸಲೈನ್, ಗ್ಲೂಕೋಸ್ ಹೋದ ಮೇಲೆ ಚೇತರಿಸಿಕೊಂಡ.

ತಾಯಿಯ ಮೇಲೆ ಸಿಟ್ಟಿಲ್ಲ. ನಿಲ್ಲಿಸಿ ಎಂದವರು ಮನೆಗೆ ಬಂದ ನೆಂಟರು, ಓದಿದವರೇ. ಸ್ಟೀರಾಯ್ಡ್ ಸೋಂಕಿನ ವಿರುದ್ಧದ ಶಕ್ತಿಯನ್ನು ಕುಗ್ಗಿಸುತ್ತದೆ ಎನ್ನುವುದು ದೊಡ್ಡ ಡೋಸ್‌ಗಳ ಮಟ್ಟಿಗೆ ನಿಜ. ಈ ಹುಡುಗನಿಗೆ ಕೊಡುವುದು ಅವನ ಮೈಯೇ ತಯಾರಿಸಬೇಕಿದ್ದ, ಕಾಯಿಲೆಯ ಒತ್ತಡ ತಾಳಿಕೊಳ್ಳಲು ಬೇಕಾದ ಹಾರ್ಮೋನು ಕಾರ್ಟಿಸಾಲ್‌ನ ಬದಲಿಯಷ್ಟೇ. 21-ಹೈಡ್ರಾಕ್ಸಿಲೇಸ್ ಕಿಣ್ವ ಕೆಟ್ಟಿರುವುದರಿಂದ ಅವನ ಗ್ರಂಥಿ ಅದನ್ನು ಮಾಡಲಾರದು. ನಮ್ಮ ನಿಮ್ಮ ಗ್ರಂಥಿಗಳು ಜ್ವರ ಬಂದ ಕೂಡಲೇ ಕಾರ್ಟಿಸಾಲನ್ನು ಹಲವು ಪಟ್ಟು ಸುರಿಸುತ್ತವೆ. ಅವನಿಗೆ ಆ ಏರಿಕೆಯೂ ಮಾತ್ರೆಯಿಂದಲೇ ಬರಬೇಕು.

ಬೆಳೆಯುವ ಮಕ್ಕಳಿಗೆ ದಿನಕ್ಕೆ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 10ರಿಂದ 15 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್, ಮೂರು ಹೊತ್ತು. ಇವನ ಲೆಕ್ಕದಲ್ಲಿ ಹೊತ್ತಿಗೆ 2.5 ಮಿಲಿಗ್ರಾಂ, ಅಂದರೆ 5ರ ಮಾತ್ರೆಯಲ್ಲಿ ಅರ್ಧ. ಜತೆಗೆ ಉಪ್ಪು ಹಿಡಿದಿಡಲು ಫ್ಲೂಡ್ರೋಕಾರ್ಟಿಸೋನ್. ಜ್ವರ 100.4 ದಾಟಿದರೆ ಹೈಡ್ರೋಕಾರ್ಟಿಸೋನ್ ಎರಡು ಪಟ್ಟು, 102 ದಾಟಿದರೆ ಮೂರು ಪಟ್ಟು, ಫ್ಲೂಡ್ರೋಕಾರ್ಟಿಸೋನ್ ಇದ್ದಷ್ಟೇ. ಜತೆಗೆ ಸಕ್ಕರೆ ಬೆರೆಸಿದ ಪಾನೀಯ ಆಗಾಗ ಕುಡಿಸುತ್ತಿರಬೇಕು. ಜ್ವರ ಬಿಟ್ಟು ಒಂದು ದಿನ ಕಳೆದರೆ ನೇರ ಹಳೆಯ ಡೋಸ್‌ಗೆ ಮರಳಬಹುದು. ಇಷ್ಟು ದಿನದ ಏರಿಕೆಯಿಂದ ಬೆಳವಣಿಗೆ ಕುಂಠಿತವಾಗುವುದಿಲ್ಲ. ಕುಂಠಿತವಾಗುವುದು ತಿಂಗಳುಗಟ್ಟಲೆ ಹೆಚ್ಚು ಕೊಟ್ಟಾಗ, ಅಥವಾ ಹೈಡ್ರೋಕಾರ್ಟಿಸೋನ್ ಸಿಗಲಿಲ್ಲವೆಂದು ಅಂಗಡಿಯವರು ಡೆಕ್ಸಾಮೆಥಾಸೋನ್ ಎಂಬ ಹೆಚ್ಚು ಪ್ರಬಲ ಸ್ಟೀರಾಯ್ಡ್ ಕೈಗಿತ್ತು ಅದೇ ಮುಂದುವರಿದಾಗ. ಹಾಗೆಂದು ಕಡಿಮೆ ಕೊಟ್ಟರೂ ಆಗದು: ಆಂಡ್ರೋಜನ್ ಎಂಬ ಗಂಡು ಹಾರ್ಮೋನು ಹೆಚ್ಚಿ ಮೂಳೆ ಬೇಗ ಬಲಿಯುತ್ತದೆ, ಕೊನೆಗೆ ಎತ್ತರ ಕೈತಪ್ಪುತ್ತದೆ.

"ಜ್ವರ ಬಂತಲ್ಲ, ಅದಕ್ಕೇ ನಿಲ್ಲಿಸಿದ್ವಿ." ಚೀಟಿಯಲ್ಲಿ ಇಂಗ್ಲಿಷಿನ ಒಂದು ಸಾಲು ಗೀಚಿ ಕಳಿಸುವ ವೈದ್ಯರಿಗೂ ಈ ಮಾತು ಕೇಳಿಸಬೇಕು. ಎಷ್ಟು ಜ್ವರಕ್ಕೆ ಎಷ್ಟು ಮಾತ್ರೆ ಎಂದು ಕನ್ನಡದಲ್ಲಿ, ಅಂಕಿಯಲ್ಲಿ ಬರೆದುಕೊಡಿ.

ಇನ್ನು ವಾಂತಿ. ನುಂಗಿದ ಅರ್ಧ ಗಂಟೆಯೊಳಗೆ ಕಕ್ಕಿದರೆ ಮತ್ತೆ ಕೊಡಬೇಕು. ಅದನ್ನೂ ಕಕ್ಕಿದರೆ, ಇಲ್ಲವೇ ಮಗು ಮಂಕಾದರೆ, ಕಾಯದೆ ಇಂಜೆಕ್ಷನ್. ಹೈಡ್ರೋಕಾರ್ಟಿಸೋನ್ ಸೋಡಿಯಂ ಸಕ್ಸಿನೇಟ್‌ನ 100 ಮಿಲಿಗ್ರಾಂ ಪುಡಿಗೆ 2 ಮಿಲಿಲೀಟರ್ ಸ್ಟೆರೈಲ್ ನೀರು ಬೆರೆಸಿ, ಈ ವಯಸ್ಸಿಗೆ 1 ಮಿಲಿಲೀಟರ್, ಅಂದರೆ 50 ಮಿಲಿಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ ಚುಚ್ಚಿ, ಆಮೇಲೆ ಆಸ್ಪತ್ರೆಗೆ ಹೊರಡಬೇಕು. ಬಹಳ ಮನೆಗಳಲ್ಲಿ ಈ ಪುಡಿಯ ವಯಲ್ ಇರುವುದಿಲ್ಲ. ಇದ್ದರೂ ಅವಧಿ ಮುಗಿದಿರುತ್ತದೆ, ಇಲ್ಲವೇ ಸಿರಿಂಜ್ ಇರುವುದಿಲ್ಲ. ಬಿಡುಗಡೆಗೆ ಮುನ್ನ ಅಪ್ಪ ಅಮ್ಮ ಇಬ್ಬರೂ ತಾವೇ ಔಷಧಿ ಬೆರೆಸಿ, ಸಿರಿಂಜಿಗೆ ಎಳೆದು ತೋರಿಸಬೇಕು. ಸಾಧ್ಯವಾದರೆ ಆ ನೆಂಟರನ್ನೂ ಕರೆಸಬೇಕು. ಆ ಮನೆಯಲ್ಲಿ ಅವರ ಮಾತೇ ನಡೆಯುವುದು.