ಕೂತವರ ಅಚ್ಚು

ಶಿಲ್ಪಕಲೆಯಲ್ಲಿ ಎಂ.ಎಫ್.ಎ. (ಲಲಿತಕಲೆಯ ಸ್ನಾತಕೋತ್ತರ ಪದವಿ) ಮಾಡಬೇಕು ಅಂತಿರುವ ಇಬ್ಬರು ಜೂನಿಯರ್‌ಗಳು ಹೋದ ವಾರ ಒಂದೇ ಪ್ರಶ್ನೆ ಕೇಳಿದರು. "ಮಣ್ಣು, ಮರ, ಕಲ್ಲು, ಕಂಚು ಎಲ್ಲ ಡಿಗ್ರಿಯಲ್ಲೇ ಆಯ್ತಲ್ಲ ಅಕ್ಕ, ಇನ್ನೆರಡು ವರ್ಷ ಏನು ಕಲಿಸ್ತಾರೆ?" ಫೋನಿನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಲಿಸುವುದು ಕಡಿಮೆ. ಡಿಗ್ರಿಯಲ್ಲಿ ಬೆಳಗ್ಗೆ ಸ್ಟುಡಿಯೋಗೆ ಹೋದರೆ ಕೆಲಸ ಕಾಯುತ್ತಿರುತ್ತದೆ. ಈ ತಿಂಗಳು ತಲೆ, ಮುಂದಿನ ತಿಂಗಳು ರಿಲೀಫ್ (ಹಲಗೆಯಿಂದ ಉಬ್ಬಿ ನಿಲ್ಲುವ ಶಿಲ್ಪ), ಆಮೇಲೆ ಎರಕ. ಎಂ.ಎಫ್.ಎ.ಯಲ್ಲಿ ಒಂದು ಮೂಲೆ ಕೊಡುತ್ತಾರೆ, ಮೂರ್ತಿಯನ್ನು ತಿರುಗಿಸುತ್ತಾ ಕೆಲಸ ಮಾಡುವ ಒಂದು ಟರ್ನ್‌ಟೇಬಲ್ ಕೊಡುತ್ತಾರೆ, ಒಬ್ಬರು ಗೈಡ್ ಇರುತ್ತಾರೆ. ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ಖಾಲಿ ಟರ್ನ್‌ಟೇಬಲ್ ಮುಂದೆ ನಿಂತ ಆ ಮೊದಲ ವಾರಗಳು ನನಗೆ ಕಲ್ಲು ಕೆತ್ತುವುದಕ್ಕಿಂತ ಕಷ್ಟವಾಗಿದ್ದವು.

ಚೆನ್ನಾಗಿ ಬರುತ್ತಿದ್ದ ಕೆಲಸಕ್ಕೇ ಕೈ ಹಾಕಿದೆ. ಆಳೆತ್ತರದ ಕೂತ ಮೂರ್ತಿ. ನಮ್ಮ ಸ್ಟುಡಿಯೋಗೆ ವರ್ಷಗಳಿಂದ ಮಾಡೆಲ್ ಆಗಿ ಬರುತ್ತಿದ್ದ ಒಬ್ಬರು ಮರದ ಪೆಟ್ಟಿಗೆಯ ಮೇಲೆ ಕೂತರು. ವಯಸ್ಸು ಐವತ್ತು ದಾಟಿತ್ತು. ನಾವೆಲ್ಲ ಅಮ್ಮ ಅಂತಲೇ ಕರೆಯುತ್ತಿದ್ದೆವು. ಎರಡು ತಿಂಗಳು ಅವರನ್ನು ನೋಡಿ ನೋಡಿ ಇನ್ನೊಂದು ಪೆಟ್ಟಿಗೆಯ ಮೇಲೆ ಮಣ್ಣು ಮೆತ್ತಿದೆ. ಮುಖ ಬಂತು, ಭುಜ ಬಂತು, ಮಂಡಿಯ ಮೇಲಿಟ್ಟ ಕೈಗಳೂ ಬಂದವು.

ಒಂದು ಸೋಮವಾರ ಬೆಳಗ್ಗೆ, ಮಣ್ಣು ಒಣಗದಿರಲಿ ಅಂತ ಹೊದಿಸಿದ್ದ ಒದ್ದೆ ಬಟ್ಟೆ ತೆಗೆದಾಗ ಮೂರ್ತಿ ಕುಸಿದಿತ್ತು. ತಪ್ಪು ನನ್ನದೇ. ದಪ್ಪ ಮಣ್ಣು ಬರುವ ಕಡೆ ಆರ್ಮೇಚರ್‌ಗೆ, ಅಂದರೆ ಮೂರ್ತಿಯ ಒಳಗಿನ ಆಧಾರದ ಚೌಕಟ್ಟಿಗೆ, ಮರದ ತುಂಡುಗಳನ್ನು ಅಡ್ಡಡ್ಡ ಕಟ್ಟಿ ತಂತಿಯಲ್ಲಿ ನೇತುಹಾಕುತ್ತಾರೆ, ಬಟರ್‌ಫ್ಲೈ ಅಂತೀವಲ್ಲ, ಅದು. ಮಣ್ಣಿಗೆ ಅದೇ ಹಿಡಿತ. ಎದೆ, ಹೊಟ್ಟೆಗೆ ಹಾಕಿದ್ದೆ, ಸೊಂಟದ ಕೆಳಗೆ ಸಾಲದಾಗಿತ್ತು. ಇಡೀ ಮೈ ಕೆಳಗೆ ಜಾರಿ ಪೆಟ್ಟಿಗೆಯ ಮೇಲೆ ಅಪ್ಪಚ್ಚಿಯಾಗಿತ್ತು.

ಅಳುತ್ತಲೇ ಮಣ್ಣು ಕಿತ್ತು ತೊಟ್ಟಿಗೆ ಹಾಕುತ್ತಿದ್ದೆ. ಗೈಡ್ ಮೇಡಂ ಬಂದು ನನ್ನ ಕೈಯಲ್ಲಿದ್ದ ದೊಡ್ಡ ಹೆಂಟೆಯನ್ನು ಇಸ್ಕೊಂಡು ತಿರುಗಿಸಿ ನೋಡಿದರು. ಅದು ಮೂರ್ತಿಯ ತಳ. ಪೆಟ್ಟಿಗೆಯ ಮರದ ಗೆರೆಗಳು ಅದರಲ್ಲಿ ಒಂದೂ ಬಿಡದೆ ಮೂಡಿದ್ದವು. ಒಂದು ಮೊಳೆಯ ತಲೆ ಕೂಡ.

"ಇದನ್ನ ನೀನು ಮಾಡಿಲ್ಲಮ್ಮ. ಭಾರ ಮಾಡಿದೆ" ಅಂದರು. ಮತ್ತೇನೂ ಹೇಳದೆ ಹೋದರು.

ಆ ಹೆಂಟೆಯನ್ನು ತೊಟ್ಟಿಗೆ ಹಾಕಲಿಲ್ಲ. ಕೂತ ಮೂರ್ತಿಗಳನ್ನು ಎಷ್ಟೊಂದು ಮಾಡಿದ್ದೆ. ಕೂತಾಗ ಮೈ ನೆಲಕ್ಕೆ ಒತ್ತುವ ಜಾಗ ಮಾತ್ರ ಒಂದರಲ್ಲೂ ಇರಲಿಲ್ಲ. ಅದು ಕಾಣುವುದಿಲ್ಲ, ಅದಕ್ಕೇ ಮಾಡಿರಲಿಲ್ಲ. ಇನ್ನು ಅದನ್ನೇ ಮಾಡೋಣ ಅನ್ನಿಸಿತು.

ಖುಷಿಯಲ್ಲಿ ಲೈಬ್ರರಿಗೆ ಹೋದೆ. ಅಮೆರಿಕದ ಕಲಾವಿದ ಬ್ರೂಸ್ ನೌಮನ್ ತನ್ನ ಕುರ್ಚಿಯ ಕೆಳಗಿನ ಖಾಲಿ ಜಾಗವನ್ನು 1960ರ ದಶಕದಲ್ಲೇ ಕಾಂಕ್ರೀಟಿನಲ್ಲಿ ಎರಕ ಹೊಯ್ದಿದ್ದಾರೆ. ಲಂಡನ್ನಿನ ಶಿಲ್ಪಿ ರೇಚೆಲ್ ವೈಟ್‌ರೀಡ್ 1993ರಲ್ಲಿ ಒಂದು ಇಡೀ ಮನೆಯ ಒಳಗನ್ನೇ ಕಾಂಕ್ರೀಟಿನಲ್ಲಿ ಎರಕ ಮಾಡಿದ್ದರು. ಮುಂದಿನ ವರ್ಷ ಜನವರಿಯಲ್ಲಿ ಅದನ್ನು ಕೆಡವಿದರು. 1995ರಲ್ಲಿ ಅವರೇ ಕುರ್ಚಿ, ಸ್ಟೂಲುಗಳ ಕೆಳಗಿನ ಜಾಗವನ್ನು ಬಣ್ಣದ ರೆಸಿನ್‌ನಲ್ಲಿ ನೂರು ತುಂಡುಗಳಾಗಿ ಎರಕ ಮಾಡಿದರು. ಪುಸ್ತಕ ಮುಚ್ಚಿಟ್ಟೆ. ನಾನು ಕಂಡುಕೊಂಡೆ ಅಂದುಕೊಂಡಿದ್ದು ನಾನು ಹುಟ್ಟುವ ಮೊದಲೇ ಆಗಿಹೋಗಿತ್ತು. ಎಂ.ಎಫ್.ಎ. ಮಾಡುವ ಎಲ್ಲರಿಗೂ ಈ ದಿನ ಒಂದಲ್ಲ ಒಂದು ಸಲ ಬರುತ್ತದೆ. ಆ ಸಂಜೆ ತುಂಬಾ ಒಂಟಿ ಅನ್ನಿಸುತ್ತದೆ.

ಮೇಡಂ ಫೋಟೋಗಳನ್ನು ನಿಧಾನವಾಗಿ ನೋಡಿದರು. "ಈ ಕುರ್ಚಿಗಳಲ್ಲಿ ಯಾರಾದ್ರೂ ಕೂತಿದ್ದಾರಾ?"

ಇಲ್ಲ. ಒಬ್ಬರೂ ಇರಲಿಲ್ಲ.

ಅಲ್ಲಿಂದ ಕೆಲಸ ಶುರುವಾಯಿತು. 45 ಸೆಂ.ಮೀ. ಅಗಲ, ಅಷ್ಟೇ ಉದ್ದ, 8 ಸೆಂ.ಮೀ. ದಪ್ಪದ ಮಣ್ಣಿನ ಹಲಗೆ. ಅದರ ಮೇಲೆ ಒಂದು ತೆಳು ಹತ್ತಿ ಬಟ್ಟೆ. ಬಂದವರು ಅದರ ಮೇಲೆ ಹತ್ತು ನಿಮಿಷ ಸುಮ್ನೆ ಕೂರಬೇಕು. ಎದ್ದ ಮೇಲೆ ಬಟ್ಟೆಯನ್ನು ಮೂಲೆಯಿಂದ ಎಳೆದು ತೆಗೆದರೆ ಕೆಳಗೆ ಒಂದು ತಗ್ಗು. ಸುತ್ತ ಅಂಚು ಕಟ್ಟಿ ಅದಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹೊಯ್ಯುತ್ತಿದ್ದೆ.

ಪ್ಲಾಸ್ಟರ್ ಕಲಸುವುದೇ ಒಂದು ಕೆಲಸ. ಪುಡಿಗೆ ನೀರು ಹಾಕಬಾರದು, ನೀರಿಗೆ ಪುಡಿ ಉದುರಿಸಬೇಕು. ಪುಡಿ ಮುಳುಗುತ್ತಾ ಮುಳುಗುತ್ತಾ ಕೊನೆಗೆ ಸಣ್ಣ ದ್ವೀಪಗಳ ಹಾಗೆ ಮೇಲೆ ನಿಲ್ಲುತ್ತದೆ. ಅಲ್ಲಿಗೆ ಸಾಕು. ಸ್ವಲ್ಪ ನೆನೆಯಲು ಬಿಟ್ಟು, ಕೈಯನ್ನು ತಳಕ್ಕೆ ಇಳಿಸಿ, ಗಾಳಿ ಸೇರದ ಹಾಗೆ ಮೆಲ್ಲಗೆ ಕದಡಬೇಕು. ಮೊದಲ ಪದರವನ್ನು ಬೆರಳಿನಿಂದ ಚಿಮುಕಿಸಿ ಉಫ್ ಅಂತ ಊದಿದರೆ ಅದು ಬಟ್ಟೆ ಮೂಡಿಸಿದ ಎಳೆ ಎಳೆಯ ನಡುವೆ ಹೋಗಿ ಕೂರುತ್ತದೆ. ಗಟ್ಟಿಯಾಗುವಾಗ ಮೈ ಕಾದ ಹಾಗೆ ಬೆಚ್ಚಗಾಗುತ್ತದೆ. ಆ ಬಿಸಿ ಇಳಿದ ಮೇಲೆ ತಿರುಗಿಸಿ ಮಣ್ಣು ಬಿಡಿಸುವುದು. ತಗ್ಗು ಇದ್ದದ್ದು ಗುಡ್ಡವಾಗಿ ಎದ್ದು ಬರುತ್ತದೆ, ಬಟ್ಟೆಯ ನೇಯ್ಗೆ ಸಮೇತ. ಎಷ್ಟು ಸಲ ಮಾಡಿದರೂ ಆ ಗಳಿಗೆಗೆ ನನ್ನ ಉಸಿರು ನಿಲ್ಲುತ್ತಿತ್ತು.

ಏಳು ಜನ ಕೂತರು. ಒಬ್ಬರಂತೆ ಇನ್ನೊಬ್ಬರಿಲ್ಲ. ಒಬ್ಬ ಗೆಳೆಯ ಏಳುವುದಕ್ಕೆ ರೆಡಿಯಾಗಿರುವವನ ಹಾಗೆ ಮುಂದಿನ ಅಂಚಿಗೆ ಒತ್ತಿದ್ದ. ಇನ್ನೊಬ್ಬಳದು ಹರಡಿಕೊಂಡ, ಆಳವಿಲ್ಲದ ಅಚ್ಚು.

ವರ್ಷದ ನಡುವಿನ ಜ್ಯೂರಿಯಲ್ಲಿ, ಅಂದರೆ ಕೆಲಸ ನೋಡಿ ಪ್ರಶ್ನೆ ಕೇಳುವ ಪರೀಕ್ಷಕರಲ್ಲಿ, ಒಬ್ಬರು ಗಟ್ಟಿಯಾಗಿ ಕೇಳಿದರು. "ಮೈಯಿಂದಲೇ ಅಚ್ಚು ತೆಗೆದರೆ ಇದರಲ್ಲಿ ನಿನ್ನ ಕೈ ಎಲ್ಲಿದೆ?" ಆ ದಿನ ಉತ್ತರ ಬರಲಿಲ್ಲ. ಆಮೇಲೆ ಓದುತ್ತಾ ಫ್ರಾನ್ಸಿನ ಶಿಲ್ಪಿ ರೊದಾನ ಕಥೆ ಸಿಕ್ಕಿತು. 1877ರಲ್ಲಿ 'ಕಂಚಿನ ಯುಗ'ವನ್ನು ಪ್ರದರ್ಶನಕ್ಕಿಟ್ಟಾಗ, ಇದು ಮಾಡೆಲ್‌ನ ಮೈಮೇಲೆ ಅಚ್ಚು ತೆಗೆದು ಮಾಡಿದ್ದು ಅಂತ ಆರೋಪ ಬಂತು. ಮಾಡೆಲ್ ಆಗಿದ್ದ ಬೆಲ್ಜಿಯಂನ ಸೈನಿಕನ ಫೋಟೋ ತೋರಿಸಿ ತಾನು ಕೈಯಿಂದಲೇ ಮಾಡಿದ್ದು ಅಂತ ರೊದಾ ಹೋರಾಡಬೇಕಾಯಿತು. ಅವರಿಗೆ ಅವಮಾನವಾಗಿದ್ದ ಅದೇ ಕೆಲಸವನ್ನು ನಾನು ಬೇಕಂತಲೇ ಮಾಡುತ್ತಿದ್ದೆ. ಯಾಕೆ? ಕೋರ್ಸಿಗೆ ಬರೆಯಬೇಕಾದ ಪ್ರಬಂಧ, ಡಿಸರ್ಟೇಶನ್‌ನ ಅರ್ಧ ಭಾಗ ಈ ಒಂದು ಪ್ರಶ್ನೆಗೇ ಹೋಯಿತು. ಮಣ್ಣು ಎಷ್ಟು ಮೆತ್ತಗಿರಬೇಕು, ಎಷ್ಟು ಹೊತ್ತು ಕೂರಿಸಬೇಕು, ಯಾವ ಬಟ್ಟೆ, ಇವನ್ನೆಲ್ಲ ನಾನು ತೀರ್ಮಾನ ಮಾಡುತ್ತಿದ್ದೆ. ಆದರೆ ರೂಪ ಕೊಡುವ ಹೊತ್ತಿಗೆ ಕೈ ತೆಗೆದು ದೂರ ನಿಲ್ಲುತ್ತಿದ್ದೆ. ಹಾಗೆ ನಿಲ್ಲುವುದನ್ನು ಕಲಿಯೋಕೆ ನನಗೆ ಆ ಎರಡು ವರ್ಷ ಬೇಕಾಯಿತು.

ಬರೆಯುವುದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಕೆಲಸ ನಡೆಯುವಾಗಲೇ ದಿನಕ್ಕೆ ನಾಲ್ಕು ಸಾಲು ಬರೆದಿಡಿ, ಫೋಟೋ ತೆಗೆದಿಡಿ. ಇನ್ನೊಂದು ಮಾತು, ಒಣ ಪ್ಲಾಸ್ಟರ್ ಉಜ್ಜುವಾಗ, ಕಲ್ಲು ಕೆತ್ತುವಾಗ ಕರ್ಚೀಫು ಸಾಲದು, ಸರಿಯಾದ ಮಾಸ್ಕ್ ಹಾಕಿ. ಕಲ್ಲಿನ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಸೇರಿದರೆ ಆದ ಹಾನಿ ವಾಸಿಯಾಗುವುದಿಲ್ಲ.

ಕೊನೆಯ ಪ್ರದರ್ಶನದಲ್ಲಿ ಏಳನ್ನೂ ಎತ್ತರದ ಪೀಠದ ಮೇಲೆ ಇಡಲಿಲ್ಲ. ಕುರ್ಚಿಯಷ್ಟೇ ಎತ್ತರದಲ್ಲಿ, 45 ಸೆಂ.ಮೀ.ಗೆ ಇಟ್ಟೆ. ಯಾರ ಹೆಸರೂ ಹಾಕಿರಲಿಲ್ಲ. ಅಮ್ಮನೂ ಬಂದಿದ್ದರು. ಒಂದೊಂದನ್ನೇ ನೋಡುತ್ತಾ ಹೋಗಿ ಐದನೆಯದರ ಮುಂದೆ ಬಗ್ಗಿ, ಅದರ ಬಲಗಡೆಯ ಉಬ್ಬಿನ ಮೇಲೆ ಕೈ ಇಟ್ಟರು.

"ಇದು ನಂದೇ, ಅಲ್ವಾ?"

ಹೌದು ಅಂದೆ. ಹೇಗೆ ಗೊತ್ತಾಯ್ತು ಅಂತ ಕೇಳಿದೆ.

"ಎಡಗಡೆ ಸೊಂಟ ನೋವು. ಎಂಟು ವರ್ಷ ಆಯ್ತು. ಅದಕ್ಕೇ ಯಾವಾಗ್ಲೂ ಬಲಕ್ಕೆ ಭಾರ ಬಿಟ್ಟು ಕೂರೋದು" ಅಂದರು.

ಸ್ಟುಡಿಯೋದಲ್ಲಿ ಅವರು ಇದನ್ನು ಯಾರಿಗೂ ಹೇಳಿರಲಿಲ್ಲ. ಎರಡು ತಿಂಗಳು ದಿನಾ ಅವರನ್ನೇ ನೋಡಿ ಮೂರ್ತಿ ಮಾಡಿದ್ದವಳು ನಾನು.

ಪ್ರದರ್ಶನ ಮುಗಿದ ದಿನ ಆ ತುಂಡನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಅವರಿಗೆ ಕೊಟ್ಟೆ. 11 ಕಿಲೋ ಇತ್ತು. ಹೊರಲು ಬಿಡದೆ ನಾನೇ ಅವರ ಮನೆಯವರೆಗೆ ಎತ್ತಿಕೊಂಡು ಹೋದೆ.