ನೀರಿನ ಬ್ಯಾಗಿಗೂ ಬಲ ಭುಜಕ್ಕೂ ಏನು ಸಂಬಂಧ?

ಅಕ್ಕನ ಮಗಳು ಟ್ರಾಪ್ ಶೂಟಿಂಗ್ ಕಲಿಯಲು ಶುರು ಮಾಡಿದ್ದಾಳೆ. ಯಂತ್ರ ಎಸೆಯುವ ಕ್ಲೇ ಬಿಲ್ಲೆಯನ್ನು ಗಾಳಿಯಲ್ಲೇ ಹೊಡೆದು ಪುಡಿ ಮಾಡುವ ಆಟ ಅದು. ಒಂದು ರೌಂಡಿಗೆ 25 ಬಿಲ್ಲೆ. ಸಾಲಾಗಿ 5 ಸ್ಟೇಷನ್, ಅಂದರೆ ನಿಂತು ಹೊಡೆಯುವ ಜಾಗ. ಆರು ಜನರ ತಂಡ ಸರದಿಯಂತೆ ಹೊಡೆಯುತ್ತಾ ಒಂದೊಂದೇ ಸ್ಟೇಷನ್ ಮುಂದಕ್ಕೆ ಸರಿಯುತ್ತದೆ. ಎಲ್ಲವೂ ಬಯಲಿನಲ್ಲಿ. ಮೈಮೇಲೆ ದಪ್ಪ ವೆಸ್ಟ್, ಅದರ ಜೇಬಿನಲ್ಲಿ ತೋಟಾ, ಕೈಯಲ್ಲಿ ಮೂರೂವರೆ ಕಿಲೋ ತೂಗುವ ಬಂದೂಕು. ಬೆಂಗಳೂರಿನ ಮಾರ್ಚ್ ತಿಂಗಳ ಬಿಸಿಲು ಈಗ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು.

ಪ್ರಾಕ್ಟೀಸ್ ಮುಗಿಸಿ ಬಂದ ದಿನ ಸಂಜೆ ಅವಳಿಗೆ ತಲೆನೋವು. ಬಾಟಲಿ ತುಂಬಿಸಿ ಕಳಿಸಿದರೆ ಅರ್ಧ ಹಾಗೇ ವಾಪಸ್ ಬರುತ್ತಿತ್ತು. ಅಕ್ಕ ನನಗೆ ಫೋನ್ ಮಾಡಿ, "ನೀನು ಬೆಟ್ಟ ಹತ್ತೋನಲ್ವಾ, ಬೆನ್ನಿಗೆ ಹಾಕ್ಕೊಂಡು ಪೈಪಲ್ಲಿ ನೀರು ಕುಡೀತಾರಲ್ಲ, ಅಂಥದ್ದೊಂದು ಒಳ್ಳೇದು ನೋಡಿ ಕೊಡಿಸು" ಅಂದಳು.

ಶನಿವಾರ ಮಧ್ಯಾಹ್ನ ಜಯನಗರದ ಒಂದು ಸ್ಪೋರ್ಟ್ಸ್ ಅಂಗಡಿಗೆ ಹೋದೆವು. ಈ ಬ್ಯಾಗ್ ಬಗ್ಗೆ ನನಗೆ ಮೊದಲಿಂದಲೂ ಪ್ರೀತಿ. ಇದರ ಹುಟ್ಟೇ ಚೆಂದ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಸುಡುಬಿಸಿಲಿನ ಒಂದು ಸೈಕಲ್ ರೇಸ್ ಇತ್ತು. ಅದರಲ್ಲಿ ಓಡಿಸಿದ ಮೈಕಲ್ ಐಡ್ಸನ್ ಆಂಬುಲೆನ್ಸ್ ಕೆಲಸದಲ್ಲಿದ್ದವರು. ಡ್ರಿಪ್ ಹಾಕುವ ಚೀಲಕ್ಕೆ ನೀರು ತುಂಬಿ, ಅದನ್ನು ಉದ್ದನೆಯ ಕಾಲುಚೀಲದೊಳಗೆ ಇಟ್ಟು, ಬೆನ್ನಿಗೆ ಕಟ್ಟಿಕೊಂಡರು. ಟ್ಯೂಬನ್ನು ಹೆಗಲ ಮೇಲಿಂದ ಮುಂದಕ್ಕೆ ತಂದರು. ಇಂಥ ಬ್ಯಾಗ್ ಮಾಡುವ ಕ್ಯಾಮೆಲ್‌ಬ್ಯಾಕ್ ಕಂಪನಿ ಹುಟ್ಟಿದ್ದು ಅಲ್ಲಿಂದ. ದಾರಿಯಲ್ಲಿ ಇದನ್ನು ಹೇಳಿದಾಗ ಹುಡುಗಿಗೆ ತುಂಬಾ ಖುಷಿಯಾಯಿತು.

ಅಂಗಡಿಯ ಹುಡುಗ ಮೊದಲು ತೋರಿಸಿದ್ದು 3 ಲೀಟರಿನದು. "ದೊಡ್ಡದೇ ತಗೊಳ್ಳಿ ಸರ್, ಎಲ್ಲದಕ್ಕೂ ಆಗುತ್ತೆ" ಅಂದ. ಖಾಲಿ ಬ್ಯಾಗ್ ಯಾವುದಾದರೂ ಹಗುರವಾಗೇ ಇರುತ್ತದೆ. 3 ಲೀಟರ್ ನೀರು ಅಂದರೆ 3 ಕಿಲೋ, ಹೆಚ್ಚುಕಡಿಮೆ ಇನ್ನೊಂದು ಬಂದೂಕಿನ ಭಾರ. ಅದಕ್ಕೆ ನಾನು ಪಕ್ಕದ ಅಯ್ಯಂಗಾರ್ ಬೇಕರಿಯಿಂದ ಒಂದೊಂದು ಲೀಟರಿನ ನೀರಿನ ಬಾಟಲಿಗಳನ್ನು ತಂದೆ. ಅವನ್ನು ಬ್ಯಾಗಿನೊಳಗೆ ಇಟ್ಟು ಹೊತ್ತು ನೋಡು ಅಂದೆ. ಯಾರಾದರೂ ಕೇಳಿದರೆ ನಾನು ಹೇಳುವ ಮೊದಲ ಮಾತು ಇದೇ. ಭಾರ ಹಾಕದೆ ಬ್ಯಾಗ್ ಆರಿಸಬೇಡಿ. ಭಾರ ಬಿದ್ದಾಗಲೇ ಸ್ಟ್ರಾಪ್ ಎಲ್ಲಿ ಕೂರುತ್ತದೆ, ಬೆನ್ನಿನ ಅಳತೆಗೆ ಬ್ಯಾಗ್ ಉದ್ದವಾಯಿತಾ, ನೀರು ಕೆಳಗೆ ಜೋತು ಬೀಳುತ್ತದಾ ಅಂತ ಗೊತ್ತಾಗುವುದು.

ಅಷ್ಟರಲ್ಲಿ ಅವಳು ಅಲ್ಲಿದ್ದ ಟ್ರೆಕ್ಕಿಂಗ್ ಕೋಲೊಂದನ್ನು ತೆಗೆದುಕೊಂಡು ಬಂದೂಕಿನ ಹಾಗೆ ಬಲ ಭುಜಕ್ಕೆ ಏರಿಸಿದಳು. ಒಂದು ಸಲ, ಎರಡು ಸಲ. ಮತ್ತೆ ಇಳಿಸಿ, "ಮಾಮ, ಇಲ್ಲಿ ನೋಡಿ" ಅಂತ ತೋರಿಸಿದಳು. ಬಂದೂಕಿನ ಬಟ್, ಅಂದರೆ ಹಿಂತುದಿ, ಬಂದು ಕೂರಬೇಕಾದ ಜಾಗದಲ್ಲೇ ಬ್ಯಾಗಿನ ದಪ್ಪ ಸ್ಪಾಂಜಿನ ಸ್ಟ್ರಾಪ್ ಇತ್ತು. ಸರಿಯಾಗಿ ಅದರ ಮೇಲೆಯೇ ಒಂದು ಪ್ಲಾಸ್ಟಿಕ್ ಬಕಲ್.

ಇದು ಯಾಕೆ ಅಷ್ಟು ದೊಡ್ಡ ವಿಷಯ ಅಂತ ಅವಳೇ ನನಗೆ ಬಿಡಿಸಿ ಹೇಳಿದಳು. ರೈಫಲ್‌ನಲ್ಲಿ ಗುರಿ ನೋಡಲು ಹಿಂದೊಂದು, ಮುಂದೊಂದು ಸೈಟ್ ಇರುತ್ತದೆ. ಟ್ರಾಪ್‌ಗೆ ಬಳಸುವ ಶಾಟ್‌ಗನ್‌ನಲ್ಲಿ ಹಿಂದಿನ ಸೈಟ್ ಇಲ್ಲ. ಆ ಕೆಲಸ ಮಾಡುವುದು ಶೂಟರ್‌ನ ಕಣ್ಣು. ಬಟ್ ಭುಜದಲ್ಲಿ ಪ್ರತಿ ಸಲ ಅದೇ ಜಾಗದಲ್ಲಿ ಕೂತರೆ, ಕೆನ್ನೆ ಬಂದೂಕಿನ ಹಿಂಭಾಗದ ಮರದ ಮೇಲೆ ಅದೇ ಜಾಗಕ್ಕೆ ಬಂದರೆ, ಕಣ್ಣು ಸರಿಯಾದ ಎತ್ತರದಲ್ಲಿ ಇರುತ್ತದೆ. ಮಧ್ಯೆ ಒಂದು ಸ್ಟ್ರಾಪ್ ಸೇರಿದರೆ ಬಂದೂಕು ಅಷ್ಟು ಮುಂದಕ್ಕೆ ಹೋಗುತ್ತದೆ, ಕೆನ್ನೆ ಜಾಗ ತಪ್ಪುತ್ತದೆ, ಕಣ್ಣೂ ತಪ್ಪುತ್ತದೆ. ಜೊತೆಗೆ ಹಿಂದಕ್ಕೆ ಒದೆಯುವ ಹೊಡೆತವೆಲ್ಲ ಆ ಬಕಲ್ ಮೇಲೆ ಬಿದ್ದರೆ ಭುಜ ಕಂದಿಹೋಗುತ್ತದೆ. ವರ್ಷಗಟ್ಟಲೆ ಬ್ಯಾಗ್ ಹೊತ್ತು ಬೆಟ್ಟ ಹತ್ತಿದ ನನಗೆ ಸ್ಟ್ರಾಪ್ ದಪ್ಪ ಇದ್ದಷ್ಟೂ ಒಳ್ಳೇದು. ಅವಳಿಗೆ ಅದೇ ತೊಂದರೆ.

ಆಮೇಲೆ ಅಂಗಡಿಯಲ್ಲಿದ್ದ ಬ್ಯಾಗುಗಳನ್ನೆಲ್ಲ ಒಂದೊಂದಾಗಿ ಹಾಕಿ, ಕೋಲು ಏರಿಸಿ ನೋಡಿದಳು. ಅಂಗಡಿಯ ಹುಡುಗನಿಗೂ ಹುರುಪು ಬಂತು. ಓಟಗಾರರು ಹಾಕುವ ತೆಳು ಬ್ಯಾಗುಗಳನ್ನೂ ಒಳಗಿನಿಂದ ತಂದುಕೊಟ್ಟ. ಜಾಲರಿಯಂಥ ತೆಳು ಸ್ಟ್ರಾಪ್, ಕುತ್ತಿಗೆಯ ಹತ್ತಿರವೇ ಇಳಿಯುವಂಥದ್ದು ಬೇಕಿತ್ತು. ಎದೆಯ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಲು ಬರಬೇಕು. ಸೊಂಟದ ಪಟ್ಟಿ ಬಿಚ್ಚಿ ತೆಗೆಯುವಂತಿರಬೇಕು, ಇಲ್ಲದಿದ್ದರೆ ತೋಟಾ ಇರುವ ಜೇಬಿಗೆ ಅಡ್ಡ ಬರುತ್ತದೆ. ಟ್ಯೂಬ್ ಎಡಗಡೆಯಿಂದ ಬರಬೇಕು. ಅವಳು ಬಲಗೈ ಶೂಟರ್ ಆದ್ದರಿಂದ ಬಲ ಭುಜದ ಕಡೆ ಏನೂ ನೇತಾಡಬಾರದು. ಕೆಲವು ಬ್ಯಾಗುಗಳಲ್ಲಿ ಟ್ಯೂಬ್ ಹೊರಬರಲು ಬಲಗಡೆ ಮಾತ್ರ ದಾರಿ. ಅವನ್ನು ಪಕ್ಕಕ್ಕಿಟ್ಟೆವು.

ಕೊನೆಗೆ ತೆಗೆದುಕೊಂಡದ್ದು 2 ಲೀಟರಿನ ಬ್ಲಾಡರ್ (ಒಳಗಿನ ನೀರಿನ ಚೀಲ) ಇರುವ, ತೆಳು ಸ್ಟ್ರಾಪಿನ ಒಂದು ತಿಳಿ ಬೂದು ಬಣ್ಣದ ಬ್ಯಾಗ್. ಕಪ್ಪು ಬಣ್ಣ ಬಿಸಿಲಿಗೆ ಬೇಗ ಕಾಯುತ್ತದೆ, ನೀರೂ ಬಿಸಿಯಾಗುತ್ತದೆ. ಬ್ಲಾಡರಿನ ಬಾಯಿ ಮೇಲ್ಗಡೆ ಪೂರ್ತಿ ತೆರೆಯುತ್ತದೆ, ಕೈ ಹಾಕಿ ಉಜ್ಜಿ ತೊಳೆಯಬಹುದು. ನನ್ನ ಮಟ್ಟಿಗೆ ಇದು ಬ್ರ್ಯಾಂಡಿಗಿಂತ ಮುಖ್ಯ. ಸಣ್ಣ ಮುಚ್ಚಳದ ಬ್ಲಾಡರುಗಳ ಒಳಗೆ ತೇವ ಉಳಿದು ಬೂಸ್ಟು ಹಿಡಿಯುತ್ತದೆ.

ಮರುದಿನ ಬೆಳಿಗ್ಗೆ ಅದೇ ಬ್ಯಾಗ್ ಹಾಕಿಸಿಕೊಂಡು ಅವಳನ್ನು ಸಾವನದುರ್ಗಕ್ಕೆ ಕರೆದುಕೊಂಡು ಹೋದೆ. ಮಾಗಡಿ ಕಡೆಯ ಆ ಬೆಟ್ಟ 1,226 ಮೀಟರ್ ಎತ್ತರ, ಕರಿಗುಡ್ಡ ಬಿಳಿಗುಡ್ಡ ಅಂತ ಎರಡು ಭಾಗ. ಬೋಳು ಬಂಡೆ. ಮೇಲೆ ಹೋದಂತೆ ನೆರಳು ಅನ್ನುವುದೇ ಸಿಗುವುದಿಲ್ಲ. ಬಂಡೆ ಹತ್ತುವಾಗ ಎರಡೂ ಕೈ ಬೇಕು, ಬಾಟಲಿ ತೆಗೆಯಲು ನಿಲ್ಲಬೇಕು, ನಿಲ್ಲಲು ಬೇಜಾರು, ಹಾಗಾಗಿ ಕುಡಿಯುವುದೇ ಇಲ್ಲ. ಟ್ಯೂಬ್ ಬಾಯಿಯ ಹತ್ತಿರವೇ ಇದ್ದರೆ ನಡೆಯುತ್ತಲೇ ಒಂದೊಂದು ಗುಟುಕು ಕುಡಿಯುತ್ತೇವೆ. ಇಳಿಯುವ ಹೊತ್ತಿಗೆ ಬ್ಲಾಡರ್ ಖಾಲಿಯಾಗಿತ್ತು. ತಲೆನೋವಿನ ಸುದ್ದಿ ಇರಲಿಲ್ಲ.

ರೇಂಜಿಗೆ ತೆಗೆದುಕೊಂಡು ಹೋದ ದಿನ ಅವಳ ಕೋಚ್ ಬ್ಯಾಗನ್ನು ತಿರುಗಿಸಿ ಮುರುಗಿಸಿ ನೋಡಿದರು. ಚೆನ್ನಾಗಿದೆ ಅಂದರು. ಆದರೆ ಸ್ಟೇಷನ್ ಮೇಲೆ ನಿಂತಾಗ ವೆಸ್ಟ್ ಬಿಟ್ಟು ಭುಜದ ಮೇಲೆ ಏನೂ ಬೇಡ ಅಂದರು. ಎಷ್ಟೇ ತೆಳು ಸ್ಟ್ರಾಪ್ ಇರಲಿ, ಕಲಿಯುವ ಹಂತದಲ್ಲಿ ಬೇಡ. ನನಗೂ ಅದು ಸರಿ ಅನ್ನಿಸಿತು. ಈಗ ಬ್ಯಾಗ್ ಹಿಂದಿನ ಬೆಂಚಿನ ಮೇಲೆ ಇರುತ್ತದೆ. ರೌಂಡ್ ಮುಗಿದ ಮೇಲೆ ಬಂದೂಕು ತೆರೆದು, ತೋಟಾ ಇಲ್ಲ ಅಂತ ನೋಡಿ, ಸ್ಟ್ಯಾಂಡಿನಲ್ಲಿಟ್ಟ ಮೇಲೆಯೇ ಬ್ಯಾಗಿನ ಹತ್ತಿರ ಹೋಗುವುದು. ಮೈದಾನದಲ್ಲಿ ನಡೆದಾಡುತ್ತಾ ಆಡುವ ಸ್ಪೋರ್ಟಿಂಗ್ ಕ್ಲೇಸ್‌ನಂಥ ಆಟದಲ್ಲಿ ಹೊತ್ತುಕೊಂಡೇ ಓಡಾಡಬಹುದು, ಅಲ್ಲಿ ತೆಳು ಸ್ಟ್ರಾಪ್ ಇನ್ನೂ ಉಪಯೋಗಕ್ಕೆ ಬರುತ್ತದೆ.

ಕೋಚ್ ಹೇಳಿದ ಇನ್ನೊಂದು ಮಾತು ನನಗೆ ಹೊಸದು. ತೋಟಾದಲ್ಲಿ ಸೀಸ ಇರುತ್ತದೆ, ಗುಂಡು ಹೊಡೆದ ಮೇಲೆ ಅದರ ಪುಡಿ ಕೈಗೆ ಅಂಟಿರುತ್ತದೆ. ಅದೇ ಬೆರಳಲ್ಲಿ ಟ್ಯೂಬಿನ ತುದಿ ಹಿಡಿದು ಬಾಯಿಗೆ ಇಟ್ಟರೆ ಸೀಸ ನೇರವಾಗಿ ಹೊಟ್ಟೆಗೆ. ಮೊದಲು ಸೋಪು ಹಾಕಿ ಕೈ ತೊಳೆಯಬೇಕು, ಕಚ್ಚಿ ಹೀರುವ ವಾಲ್ವಿಗೆ ಮುಚ್ಚಳ ಇರಲೇಬೇಕು. ಬೆಟ್ಟ ಹತ್ತುವವರಿಗೆ ಆ ಮುಚ್ಚಳ ಸುಮ್ನೆ ಧೂಳಿಗೆ ಅಂತ ಅಷ್ಟೇ. ರೇಂಜಿನಲ್ಲಿ ಅದು ಆರೋಗ್ಯದ ಪ್ರಶ್ನೆ. ನಮ್ಮ ಬ್ಯಾಗಿನ ಜೊತೆ ಮುಚ್ಚಳ ಬಂದಿರಲಿಲ್ಲ. ಅದೇ ಅಂಗಡಿಗೆ ಹೋಗಿ ಮುಚ್ಚಳ ಇರುವ ವಾಲ್ವ್ ತಂದೆವು. ತೊಳೆಯಲು ಉದ್ದನೆಯ ಬ್ರಷ್ಷನ್ನೂ ಕೊಂಡೆವು.

ಬ್ಲಾಡರಿಗೆ ಬರೀ ನೀರು ಮಾತ್ರ. ಓಆರ್‌ಎಸ್ ಬೇಕಾದರೆ ಬೇರೆ ಬಾಟಲಿಯಲ್ಲಿ ಕಲಸಿ ಕೊಡುತ್ತಾಳೆ ಅಕ್ಕ. ಸಿಹಿ ಇರುವುದೇನಾದರೂ ಟ್ಯೂಬಿನಲ್ಲಿ ಉಳಿದರೆ ಅಂಟಂಟಾಗಿ ವಾಸನೆ ಹಿಡಿಯುತ್ತದೆ. ರಾತ್ರಿ ಅದನ್ನು ತೊಳೆದು, ಒಳಗೆ ಒಂದು ಹಿಟ್ಟಿನ ಸೌಟು ನಿಲ್ಲಿಸಿ ಬಾಯಿ ತೆರೆದಿಟ್ಟು, ಅಡುಗೆಮನೆಯ ಕಿಟಕಿ ಹತ್ತಿರ ಒಣಗಲು ತೂಗುಹಾಕುವ ಕೆಲಸ ಹುಡುಗಿಯದೇ. ಅದನ್ನು ಅವಳು ಒಂದು ದಿನವೂ ಬಿಟ್ಟಿಲ್ಲ.