45 ಪಿಕ್ಸೆಲ್ ಎತ್ತರದಲ್ಲಿ ‘ಪುಷ್ಕರಣಿ’: ಆಟದ ಮುಖಚಿತ್ರದ ಪ್ರಗತಿ ಟಿಪ್ಪಣಿ

ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಆಟದ ಮುಖಚಿತ್ರಗಳಿಗೆ ಕ್ಯಾಪ್ಸೂಲ್ ಎನ್ನುತ್ತಾರೆ; ಅವುಗಳಲ್ಲಿ ಸಣ್ಣದರಲ್ಲಿ ನನ್ನ ಆಟದ ಹೆಸರು ಕೊನೆಗೂ ಓದಲು ಬರುವಂತಾಗಿದೆ. ಹೆಡರ್, ಮುಖ್ಯ ಕ್ಯಾಪ್ಸೂಲ್ ಮತ್ತು ನೀಳ ಕ್ಯಾಪ್ಸೂಲ್‌ಗಳು ಬಹುಮಟ್ಟಿಗೆ ಸಿದ್ಧವಾಗಿರುವುದರಿಂದ ಅವುಗಳ ವಿಷಯವನ್ನು ಇಲ್ಲಿ ವಿಸ್ತರಿಸುವುದಿಲ್ಲ; ಪದರಗಳನ್ನು ಬೇರೆಬೇರೆ ಇಟ್ಟುಕೊಂಡು ಒಂದೇ ಮೂಲಚಿತ್ರದಿಂದ ಎಲ್ಲ ಅಳತೆಗಳನ್ನೂ ತೆಗೆಯುವ ಕ್ರಮ ಆಟ ತಯಾರಿಸುವ ಹವ್ಯಾಸದವರಿಗೆಲ್ಲ ತಿಳಿದದ್ದೇ. ನನ್ನನ್ನು ಕಾಡಿದ್ದು ಒಂದೇ ತೊಡಕು. ನಾವು 462×174 ಪಿಕ್ಸೆಲ್‌ಗಳಲ್ಲಿ ಕೊಡುವ ಸಣ್ಣ ಕ್ಯಾಪ್ಸೂಲನ್ನು ಸ್ಟೀಮ್ ತಾನಾಗಿಯೇ 184×69ಕ್ಕೆ, ಅಲ್ಲಿಂದಲೂ ಕೆಳಗೆ 120×45ಕ್ಕೆ ಕುಗ್ಗಿಸುತ್ತದೆ. ಆ 45 ಪಿಕ್ಸೆಲ್‌ಗಳ ಎತ್ತರದಲ್ಲಿ ಕನ್ನಡದ ಒತ್ತಕ್ಷರವನ್ನು ಉಳಿಸಿಕೊಳ್ಳುವುದು ಹೇಗೆ?

ಆಟದ ಹೆಸರು ‘ಪುಷ್ಕರಣಿ’. ಹಂಪಿಯ ರಾಜಾಂಗಣದಲ್ಲಿ 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದ, ಕಪ್ಪು ಶಿಲೆಯ ಮೆಟ್ಟಿಲುಗಳ ಕೊಳವನ್ನು ಕಂಡವರಿಗೆ ಆಟದ ಆಧಾರ ತಕ್ಷಣ ಗೊತ್ತಾಗುತ್ತದೆ. ಆ ಕೊಳದ ಕಲ್ಲುಗಳ ಮೇಲೆ ಯಾವ ದಿಕ್ಕಿಗೆ, ಯಾವ ಸಾಲಿಗೆ ಸೇರಬೇಕೆಂಬುದನ್ನು ಸೂಚಿಸುವ ಗುರುತುಗಳಿವೆ. ಆ ಗುರುತುಗಳನ್ನು ಓದಿ, ಚದುರಿದ ಕಲ್ಲುಗಳನ್ನು ಮತ್ತೆ ಜೋಡಿಸುವುದೇ ನನ್ನ ಒಗಟಿನ ತಿರುಳು. ಹೀಗಾಗಿ ಮುಖಚಿತ್ರದಲ್ಲಿ ಮೆಟ್ಟಿಲುಗಳೇ ಇರಬೇಕು ಎಂಬುದರಲ್ಲಿ ನನಗೆ ಎಂದೂ ಸಂದೇಹವಿರಲಿಲ್ಲ. ಮುಖ್ಯ ಕ್ಯಾಪ್ಸೂಲ್‌ನಲ್ಲಿ ಅವು ನಿಜಕ್ಕೂ ಸುಂದರವಾಗಿ ನಿಂತಿವೆ.

ಸಣ್ಣ ಅಳತೆಯ ಲೆಕ್ಕ ಬೇರೆ. 462ರಿಂದ 120ಕ್ಕೆ ಇಳಿಯುವುದೆಂದರೆ ಚಿತ್ರ 3.85 ಪಟ್ಟು ಕುಗ್ಗುತ್ತದೆ. ಒಂದು ಕಪ್ಪು ಗೆರೆ ಮತ್ತು ಒಂದು ಬಿಳಿ ಗೆರೆ ಬೇರೆಬೇರೆಯಾಗಿ ಕಾಣಬೇಕಾದರೆ ಕೊನೆಯ ಚಿತ್ರದಲ್ಲಿ ಕನಿಷ್ಠ ಎರಡು ಪಿಕ್ಸೆಲ್‌ಗಳಾದರೂ ಬೇಕು. ಹಾಗಾದರೆ ಮೂಲದಲ್ಲಿ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಸುಮಾರು ಎಂಟು ಪಿಕ್ಸೆಲ್‌ಗಳ ಅಂತರವಿರಲೇಬೇಕು, ಕಣ್ಣಿಗೆ ಹಿತವಾಗಬೇಕಾದರೆ ಹನ್ನೆರಡಕ್ಕಿಂತ ಹೆಚ್ಚು. ನನ್ನ ಮೆಟ್ಟಿಲುಗಳು ಇದಕ್ಕಿಂತ ಒತ್ತಾಗಿದ್ದವು. ಕುಗ್ಗಿದ ಚಿತ್ರದಲ್ಲಿ ಅವು ಕರಗಿ, ನಡುವೆ ಇಲ್ಲದ ಅಲೆಗಳನ್ನು ತೋರಿಸುತ್ತಿದ್ದವು. ನೋಡಿದ ಗೆಳೆಯರೊಬ್ಬರು ಇದು ಚಾಪೆ ನೇಯುವ ಆಟವೇ ಎಂದು ಕೇಳಿದರು. ಅದು ನನಗೆ ಸಿಕ್ಕ ಅತ್ಯಂತ ಉಪಯುಕ್ತವಾದ ಅಭಿಪ್ರಾಯ. ಮುಖಚಿತ್ರವನ್ನು ಪರೀಕ್ಷಿಸುವಾಗ ‘ಚೆನ್ನಾಗಿದೆಯೇ’ ಎಂದು ಯಾರನ್ನೂ ಕೇಳಬಾರದು. ಒಂದು ಕ್ಷಣ ತೋರಿಸಿ ಮರೆಮಾಡಿ, ‘ಇದು ಎಂಥ ಆಟ’ ಎಂದು ಕೇಳಬೇಕು. ಮೊದಲನೆಯ ಪ್ರಶ್ನೆಗೆ ಸ್ನೇಹ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಕಣ್ಣು.

ಬಣ್ಣದ ವಿಷಯ ಬೇಗ ಬಗೆಹರಿಯಿತು. ಕಪ್ಪು ಕಲ್ಲನ್ನು ಸ್ಟೀಮ್ ಪುಟದ ಗಾಢ ನೀಲಿಯ ಮೇಲೆ ಇಟ್ಟರೆ ಚಿತ್ರದ ಅಂಚೇ ಕಾಣದು. ಬಣ್ಣವನ್ನೆಲ್ಲ ತೆಗೆದು ಬೂದುಛಾಯೆಯಲ್ಲಿ ನೋಡಿದಾಗ ಇದು ಸ್ಪಷ್ಟವಾಯಿತು. ಈಗ ಸಂಜೆಯ ಬಿಸಿಲು ಒಂದೇ ಬದಿಯ ಮೆಟ್ಟಿಲುಗಳ ಮೇಲೆ ಬೀಳುತ್ತದೆ, ಎದುರು ಬದಿ ಪೂರ್ತಿ ನೆರಳು. ಮುಖಚಿತ್ರವನ್ನು ಖಾಲಿ ಹಾಳೆಯ ಮೇಲೆ ಒಂಟಿಯಾಗಿ ನೋಡುವುದರಲ್ಲಿ ಅರ್ಥವಿಲ್ಲ ಎಂಬುದನ್ನೂ ಇಲ್ಲಿ ಸೇರಿಸುತ್ತೇನೆ. ಹುಡುಕಾಟದ ಪುಟದ ತೆರೆಚಿತ್ರವೊಂದನ್ನು (ಸ್ಕ್ರೀನ್‌ಶಾಟ್) ತೆಗೆದು, ಬೇರೆ ಒಗಟಿನ ಆಟಗಳ ನಡುವೆ ಮುಖಚಿತ್ರವನ್ನು ಅಂಟಿಸಿ, ನಿಜವಾದ ಅಳತೆಯಲ್ಲೇ ನೋಡಬೇಕು.

ಇನ್ನು ಅಕ್ಷರ. ‘ಪುಷ್ಕರಣಿ’ ಎಂಬ ಹೆಸರಿನಲ್ಲಿ ಇರುವುದು ನಾಲ್ಕೇ ಅಕ್ಷರಗಳಾದರೂ ಕಷ್ಟಗಳೆಲ್ಲ ಅಲ್ಲಿ ಒಟ್ಟುಗೂಡಿವೆ. ಮೇಲೆ ಣಿಯ ಗುಡಿಸು, ಕೆಳಗೆ ಕಕಾರದ ಒತ್ತು. ಗುಡಿಸಿನ ತುದಿಯಿಂದ ಒತ್ತಿನ ಬುಡದವರೆಗಿನ ಎತ್ತರಕ್ಕೆ ಜಾಗ ಕೊಟ್ಟರೆ ಅಕ್ಷರದ ಒಡಲಿಗೆ ಉಳಿಯುವುದು ಅರ್ಧಕ್ಕಿಂತ ತುಸು ಹೆಚ್ಚು, ಅಂದರೆ ಅಂಚು ಬಿಟ್ಟು ಸುಮಾರು 22 ಪಿಕ್ಸೆಲ್. ರೋಮನ್ ದೊಡ್ಡಕ್ಷರಗಳಲ್ಲಿ ಹೆಸರಿಡುವವರಿಗೆ ಈ ಚಿಂತೆಯೇ ಇಲ್ಲ. ಅವರ ಅಕ್ಷರಗಳು ಎರಡು ಗೆರೆಗಳ ನಡುವೆ ಸಮನಾಗಿ ನಿಲ್ಲುತ್ತವೆ. ಲಾಂಛನವು, ಅಂದರೆ ಹೆಸರಿನ ಬರವಣಿಗೆಯು, ಸಣ್ಣ ಕ್ಯಾಪ್ಸೂಲನ್ನು ಬಹುತೇಕ ತುಂಬಿರಬೇಕು ಎಂಬ ಸ್ಟೀಮ್‌ನ ಸಲಹೆಯನ್ನು ಅವರು ಸುಲಭವಾಗಿ ಪಾಲಿಸಬಲ್ಲರು. ಇದಕ್ಕಿಂತಲೂ ದೊಡ್ಡ ಕಷ್ಟ ಪ ಮತ್ತು ಷಗಳದು. ಅವೆರಡರ ವ್ಯತ್ಯಾಸ ಒಡಲಿನೊಳಗಿನ ಒಂದು ಗೀಟು ಮಾತ್ರ, ಹೆಸರಿನಲ್ಲಿ ಅವೆರಡೂ ಅಕ್ಕಪಕ್ಕದಲ್ಲೇ ಇವೆ, ಕುಗ್ಗಿದಾಗ ಆ ಗೀಟು ಒಂದೋ ಮಾಯವಾಗುತ್ತದೆ, ಇಲ್ಲವೇ ಅಕ್ಷರವನ್ನೇ ಮಸಿಯ ಬೊಟ್ಟಾಗಿಸುತ್ತದೆ.

ಲಾಂಛನವನ್ನು ಮೊದಲು ಹಣ ಕೊಟ್ಟು ಹೊರಗಿನವರಿಂದ ಬರೆಸಿದ್ದೆ. ಬಂದ ಕಡತದಲ್ಲಿ ಪದರಗಳೆಲ್ಲ ಒಂದಾಗಿ ಬೆಸೆದುಹೋಗಿದ್ದವು, ಮೇಲಾಗಿ ಒತ್ತು ಕೂಡಿಕೊಳ್ಳದೆ ‘ಪುಷ್‌ಕರಣಿ’ ಎಂದು ಬಿಡಿಬಿಡಿಯಾಗಿ ನಿಂತಿತ್ತು. ಭಾರತೀಯ ಲಿಪಿಗಳ ಜೋಡಣೆಯ ಆಯ್ಕೆಯನ್ನು ತಂತ್ರಾಂಶದಲ್ಲಿ ಚಾಲೂ ಮಾಡದೆ ಕನ್ನಡವನ್ನು ಅಂಟಿಸಿದರೆ ಹೀಗಾಗುತ್ತದೆ. ತಿದ್ದಿ ಕೊಡಿ ಎಂದರೆ, ಅಕ್ಷರಗಳೆಲ್ಲ ಸರಿಯಾಗಿಯೇ ಇವೆಯಲ್ಲ ಎಂಬ ಉತ್ತರ ಬಂತು. ಕನ್ನಡದ ಕೆಲಸವನ್ನು ಒಪ್ಪಿಕೊಳ್ಳುವವರು ಕನಿಷ್ಠ ಕನ್ನಡ ಓದಬಲ್ಲ ಒಬ್ಬರಿಗಾದರೂ ಅದನ್ನು ತೋರಿಸಿ ಕಳುಹಿಸಬೇಕು. ಇದನ್ನು ನಾನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಆಮೇಲಿನ ಕೆಲಸವನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ನಾನೇ ಕೈಗೆತ್ತಿಕೊಂಡೆ. ಅಲ್ಲಿ ಒತ್ತುಗಳು ತಾವಾಗಿ ಸರಿಯಾಗಿ ಕೂಡುತ್ತವೆ. ಅಡಿಪಾಯಕ್ಕೆ ಅನೇಕ್ ಕನ್ನಡ ಫಾಂಟನ್ನು ಆರಿಸಿದೆ. ಅದು ಮುಕ್ತ ಪರವಾನಗಿಯದು, ದಪ್ಪವನ್ನು 100ರಿಂದ 800ರವರೆಗೂ ಅಗಲವನ್ನು 75ರಿಂದ 125ರವರೆಗೂ ಬೇಕಾದಂತೆ ಹೊಂದಿಸಬಹುದು. ಬಾಲೂ ತಮ್ಮ ಫಾಂಟಿನ ದುಂಡುತನ ನನಗೆ ಬಹಳ ಇಷ್ಟ, ಆದರೆ ಕಲ್ಲಿನ ಆಟಕ್ಕೆ ಅದು ಹೆಚ್ಚು ಮೃದುವಾಯಿತು. ದಪ್ಪವನ್ನು ಪೂರ್ತಿ ಏರಿಸಿದರೆ ಷದ ಒಳಗಿನ ಗೀಟು ಮುಚ್ಚಿಹೋಗುತ್ತದೆ, ಇಳಿಸಿದರೆ ಇಡೀ ಹೆಸರು ತೆಳುವಾಗುತ್ತದೆ. ಆದ್ದರಿಂದ ಹೆಸರನ್ನು ರೇಖಾಕೃತಿಯಾಗಿ ಬದಲಿಸಿ, ಷದ ಹೊರಮೈಯನ್ನು ದಪ್ಪವಾಗಿಯೇ ಬಿಟ್ಟು, ಒಳಗಿನ ಗೀಟನ್ನು ಮಾತ್ರ ಸಣ್ಣದಾಗಿಸಿ ಅದರ ಸುತ್ತ ಬಯಲನ್ನು ಕೊರೆದೆ. 120×45ರಲ್ಲಿ ಈಗ ಆ ಬಯಲು ಒಂದೊಂದು ಪಿಕ್ಸೆಲ್‌ನಷ್ಟಾದರೂ ಉಳಿಯುತ್ತದೆ.

ಒತ್ತಿನ ಪರಿಹಾರವನ್ನು ಕಲಿಸಿದ್ದು ಹಳೆಯ ಅಂಗಡಿ ಫಲಕಗಳು. ಕೈಯಿಂದ ಫಲಕ ಬರೆಯುವವರು ಒತ್ತಿಗಾಗಿ ಸಾಲಿನ ಕೆಳಗೆ ಜಾಗ ಬಿಡುವುದಿಲ್ಲ. ಮುಂದಿನ ಅಕ್ಷರವನ್ನು ಚಿಕ್ಕದಾಗಿಸಿ, ತುಸು ಮೇಲಕ್ಕೆತ್ತಿ, ಅದರ ಕೆಳಗಿನ ಜಾಗದಲ್ಲಿ ಒತ್ತನ್ನು ಕೂರಿಸಿಬಿಡುತ್ತಾರೆ. ನಾನೂ ರಕಾರವನ್ನು ಹಾಗೆ ಎತ್ತಿದೆ. ಈಗ ಒತ್ತಿನ ಬುಡವೂ ಉಳಿದ ಅಕ್ಷರಗಳ ಬುಡವೂ ಒಂದೇ ಗೆರೆಯ ಮೇಲೆ ನಿಲ್ಲುತ್ತವೆ, ಒಡಲಿನ ಎತ್ತರ 22ರಿಂದ ಸುಮಾರು 28ಕ್ಕೆ ಏರಿದೆ. ಎತ್ತರ ಹೆಚ್ಚಿದರೆ ಉದ್ದವೂ ಬೆಳೆಯುತ್ತದೆ. ಪುವಿನ ಕೊಂಬು ವಿಶೇಷವಾಗಿ ಜಾಗ ತಿನ್ನುತ್ತದೆ. ಅಗಲವನ್ನು 100ರಿಂದ 85ಕ್ಕೆ ಇಳಿಸಿದಾಗ ಎಲ್ಲವೂ ಚೌಕಟ್ಟಿನೊಳಗೆ ಕೂತಿತು. ಆದರೆ ಈ ಜೋಡಣೆಯಲ್ಲಿ ಹೊಸದೊಂದು ಅಪಾಯವಿದೆ: ಒತ್ತು ರಕಾರದ್ದೇ ಎಂದು ಓದಿದರೆ ಹೆಸರು ಕೆಡುತ್ತದೆ. ಅದನ್ನು ತಡೆಯಲು ಒತ್ತಿನ ಮೊದಲ ಗೆರೆಯನ್ನು ಷದ ಬಲಗಾಲಿಗೆ ತಾಗಿಸಿ, ರಕಾರಕ್ಕೂ ಒತ್ತಿಗೂ ನಡುವೆ ಕಣ್ಣಿಗೆ ಕಾಣುವ ಬಿರುಕನ್ನು ಬಿಟ್ಟಿದ್ದೇನೆ. ಹೆಸರನ್ನು ಮೊದಲೇ ಅರಿಯದವರಿಗೆ ತೋರಿಸಿದಾಗ ಅವರು ತಡವರಿಸದೆ ‘ಪುಷ್ಕರಣಿ’ ಎಂದು ಓದಿದರು.

ಮೆಟ್ಟಿಲುಗಳನ್ನು ಸಣ್ಣ ಕ್ಯಾಪ್ಸೂಲ್‌ನಿಂದ ಬಹುತೇಕ ತೆಗೆದುಹಾಕಿದ್ದೇನೆ. ಅಕ್ಷರಗಳ ಹಿಂದೆ, ಬಿಸಿಲು ಬಿದ್ದ ಮೂರೇ ಅಗಲವಾದ ಹಂತಗಳು ಓರೆಯಾಗಿ ಇಳಿಯುತ್ತವೆ. ಕನ್ನಡ ಓದಲಾರದವರ ಗತಿ ಏನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಹುಡುಕಾಟದ ಪಟ್ಟಿಯಲ್ಲಿ ಸಣ್ಣ ಚಿತ್ರದ ಪಕ್ಕದಲ್ಲೇ ಆಟದ ಹೆಸರು ರೋಮನ್ ಲಿಪಿಯಲ್ಲಿ ಕಾಣುತ್ತದೆ. ಹೆಡರ್ ಮತ್ತು ಮುಖ್ಯ ಕ್ಯಾಪ್ಸೂಲ್‌ಗಳಲ್ಲಿ ಎರಡೂ ಲಿಪಿಗಳಿಗೆ ಜಾಗವಿದೆ, ಎರಡನ್ನೂ ಇಟ್ಟಿದ್ದೇನೆ. ಸ್ಟೀಮ್ ತಂತ್ರಾಂಶ ಕನ್ನಡದಲ್ಲಿ ಲಭ್ಯವಿಲ್ಲದ ಕಾರಣ, ಕನ್ನಡ ಬಳಕೆದಾರರಿಗಷ್ಟೇ ಬೇರೆ ಚಿತ್ರ ತೋರಿಸುವ ದಾರಿ ನಮಗಿಲ್ಲ. ಎಲ್ಲರೂ ನೋಡುವ ಚಿತ್ರದಲ್ಲೇ ಕನ್ನಡ ಇರಬೇಕು, ಅಥವಾ ಎಲ್ಲಿಯೂ ಇರುವುದಿಲ್ಲ. ನಾನು ಮೊದಲನೆಯದನ್ನು ಆರಿಸಿದ್ದೇನೆ, ಅದರಿಂದ ಕೆಲವು ಕ್ಲಿಕ್ಕುಗಳು ಕಡಿಮೆಯಾದರೂ ಸರಿ.

ಕ್ಲಿಕ್ಕುಗಳ ಮಾತು ಬಂದಾಗ ಒಂದು ಎಚ್ಚರಿಕೆ. ಸ್ಟೀಮ್‌ನ ಸಂಚಾರ ವರದಿಯಲ್ಲಿ ಚಿತ್ರ ಎಷ್ಟು ಬಾರಿ ಕಾಣಿಸಿತು, ಎಷ್ಟು ಜನ ಪುಟಕ್ಕೆ ಬಂದರು ಎಂಬ ಅಂಕಿಗಳಿರುತ್ತವೆ. ಆದರೆ ಗೂಗಲ್ ಪ್ಲೇಯಲ್ಲಿರುವಂತೆ ಎರಡು ಚಿತ್ರಗಳನ್ನು ಏಕಕಾಲಕ್ಕೆ ಬೇರೆಬೇರೆ ಜನರಿಗೆ ತೋರಿಸಿ ಹೋಲಿಸುವ ಸೌಲಭ್ಯ ಅಲ್ಲಿಲ್ಲ. ಚಿತ್ರ ಬದಲಿಸಿದ ವಾರವೇ ಮಾರಾಟದ ಹಬ್ಬವೋ, ಬರಲಿರುವ ಆಟಗಳ ಮಾದರಿಗಳ ಮೇಳವಾದ ನೆಕ್ಸ್ಟ್ ಫೆಸ್ಟೋ ಬಂದರೆ, ಏರಿದ ಅಂಕಿ ಚಿತ್ರದ್ದೋ ಹಬ್ಬದ್ದೋ ಎಂದು ಹೇಳಲಾಗದು. ಆದ್ದರಿಂದ ಯಾವ ಸದ್ದುಗದ್ದಲವೂ ಇಲ್ಲದ ವಾರಗಳಲ್ಲಿಯೇ ಬದಲಿಸುತ್ತೇನೆ.

ಈ ಅಕ್ಷರಗಳ ನಡುವೆಯೇ ಮುಂದಿನ ಆಟದ ಯೋಚನೆ ಹುಟ್ಟಿತು: ಇಸ್ಪೀಟಿನಂಥ ಎಲೆಯಾಟವಾದ ಮೈಸೂರಿನ ಗಂಜೀಫಾ. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ದುಂಡನೆಯ ಎಲೆಗಳು. ಮುಮ್ಮಡಿ ಕೃಷ್ಣರಾಜ ಒಡೆಯರ್ ತಮ್ಮ ಕಾಲದಲ್ಲಿ ಇನ್ನೂ ಅನೇಕ ಬಗೆಗಳನ್ನು ರೂಪಿಸಿದ್ದರು. ದುಂಡನೆಯ ಎಲೆ ಎಷ್ಟೇ ಕುಗ್ಗಿದರೂ ದುಂಡಗೇ ಇರುತ್ತದೆ, ಸುತ್ತಲಿನ ಆಯತಗಳ ನಡುವೆ ಎದ್ದು ಕಾಣುತ್ತದೆ. ಈ ಬಾರಿ ಆಟಕ್ಕಿಂತ ಮೊದಲು 120×45ರ ಚಿತ್ರವನ್ನು ಬರೆದು, ಅದು ನಿಂತರೆ ಮಾತ್ರ ಆಟ ಕಟ್ಟುವ ತಂತ್ರಾಂಶವಾದ ಗೊಡೋ ತೆರೆಯಬೇಕೆಂದಿದ್ದೇನೆ.

ಸದ್ಯ ಉಳಿದಿರುವುದು, ಆಟ ಕೊಂಡವರ ಸಂಗ್ರಹದಲ್ಲಿ ಕಾಣುವ 600×900ರ ಲೈಬ್ರರಿ ಕ್ಯಾಪ್ಸೂಲ್. ಅಲ್ಲಿ ಎತ್ತರಕ್ಕೆ ಕೊರತೆಯಿಲ್ಲವಾದ್ದರಿಂದ ಒತ್ತನ್ನು ಅದರ ಸಹಜ ಜಾಗಕ್ಕೇ ಇಳಿಸಬಹುದು. ಆದರೆ ಒಂದೇ ಹೆಸರಿಗೆ ಎರಡು ಬಗೆಯ ಬರವಣಿಗೆ ಸರಿಯೇ ಎಂಬುದನ್ನು ಇನ್ನೂ ತೀರ್ಮಾನಿಸಬೇಕಾಗಿದೆ. ಎರಡನ್ನೂ ಬರೆದು ಅಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ಮುಂದಿನ ಟಿಪ್ಪಣಿ ಬರೆಯುತ್ತೇನೆ.